ಮೊಸರಿನ ದಾಯಾದಿಗಳು ಏಡ್ಸ್ ತಡೆದಾವೆ?

ಹೆಬ್ಬಾಳದ ಬಳಿಯ ಕೆಂಪಾಪುರದಲ್ಲಿ ಪರಿಚಯದ ಗೃಹಿಣಿಯೊಬ್ಬರು ಮೊನ್ನೆ ಮಜ್ಜಿಗೆ ಕಡೆಯುತ್ತಾ ಮೆಲ್ಲಗೆ ಕೇಳಿದರು: "ಮೊಸರಿನ ಜೀವಾಣುಗಳಿಂದ ಏಡ್ಸ್ ತಡೀಬಹುದಂತೆ, ನಿಜವಾ?" ಅತ್ತೆ ಹಿತ್ತಲಿಗೆ ಹೋದ ಮೇಲೇ ಕೇಳಿದ್ದು! ಗಂಡಸು ನಿರೋಧ್ ಬೇಡವೆಂದರೆ ಹೆಂಗಸಿನ ಕೈಯಲ್ಲಿ ಏನಿದೆ? ಪ್ರಶ್ನೆಯ ಹಿಂದಿದ್ದ ಪ್ರಶ್ನೆ ಅದು.

ಮಾತಿನಲ್ಲಿ ಅರ್ಧ ನಿಜವಿದೆ. ಆರೋಗ್ಯವಂತ ಹೆಂಗಸರಲ್ಲಿ ಅನೇಕರ ಯೋನಿಮಾರ್ಗದಲ್ಲಿ ಲ್ಯಾಕ್ಟೊಬ್ಯಾಸಿಲಸ್ ಎಂಬ ಜೀವಾಣುಗಳು ಕಾವಲಿಗಿರುತ್ತವೆ. ಹಾಲು ಹೆಪ್ಪಾಗಿಸುವವುಗಳ ದಾಯಾದಿಗಳೇ ಇವು. ಆ ಜಾಗವನ್ನು ಹುಳಿಯಾಗಿಟ್ಟು ಕೆಟ್ಟ ಜೀವಾಣುಗಳನ್ನು ದೂರವಿಡುತ್ತವೆ. ಇವು ಕಡಿಮೆಯಾದರೆ ತೆಳ್ಳಗೆ ಬಿಳುಪು ಹೋಗುವುದು, ಮೀನಿನಂಥ ವಾಸನೆ ಶುರುವಾಗಬಹುದು. ಕೆಲವರಿಗೆ ಏನೂ ಗೊತ್ತಾಗುವುದಿಲ್ಲ. ಅಂಥವರಿಗೆ ಎಚ್ಐವಿ ಅಂಟುವ ಸಂಭವ ಹೆಚ್ಚು. ಮೈಸೂರಿನಲ್ಲಿ ಸುಮಾರು 900 ಹೆಂಗಸರನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ವರದಿಯಂತೆ, ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಈ ತೊಂದರೆ ಇತ್ತು.

ಹಾಗಾದರೆ ಕಾವಲುಗಾರರನ್ನು ಹೊರಗಿನಿಂದ ತುಂಬಿಸಿದರಾಯಿತಲ್ಲ? ಅವಸರ ಬೇಡ. ನಮ್ಮ ಬಾಗಲಕೋಟೆಯ ಕಥೆ ಕೇಳಿ. ಸೆಲ್ಯುಲೋಸ್ ಸಲ್ಫೇಟ್ ಎಂಬ ಜೆಲ್ ಪ್ರಯೋಗಶಾಲೆಯಲ್ಲಿ ಎಚ್ಐವಿಯನ್ನು ತಡೆದಿತ್ತು. ಮೊದಲ ಚಿಕ್ಕ ಪರೀಕ್ಷೆಗಳಲ್ಲೂ ದೊಡ್ಡ ತೊಂದರೆ ಕಂಡಿರಲಿಲ್ಲ. ಬಾಗಲಕೋಟೆ, ಚೆನ್ನೈ ಮತ್ತು ಆಫ್ರಿಕದ ಮೂರು ಕಡೆ ದೊಡ್ಡ ಪರೀಕ್ಷೆ ನಡೆಯಿತು. ಒಟ್ಟು 1,398 ಹೆಂಗಸರು ಸೇರಿದ್ದರು. ಅರ್ಧ ಜನಕ್ಕೆ ಜೆಲ್, ಉಳಿದವರಿಗೆ ಔಷಧಿಯಿಲ್ಲದ ಹುಸಿ ಜೆಲ್. 2007ರ ಜನವರಿಯಲ್ಲಿ ಲೆಕ್ಕ ನೋಡಿದವರು ಪರೀಕ್ಷೆಯನ್ನೇ ನಿಲ್ಲಿಸಿಬಿಟ್ಟರು. ಕೊನೆಯ ಎಣಿಕೆಯಲ್ಲಿ ಜೆಲ್ ಹಚ್ಚಿಕೊಂಡವರಲ್ಲಿ 25 ಮಂದಿಗೆ, ಹುಸಿ ಜೆಲ್ಲಿನವರಲ್ಲಿ 16 ಮಂದಿಗೆ ಸೋಂಕು! ಕಾಪಾಡಲಿ ಎಂದು ಹಚ್ಚಿದ್ದೇ ಅಪಾಯ ಹೆಚ್ಚಿಸಿರಬಹುದೆಂಬ ಶಂಕೆ. ಆ ಹೆಂಗಸರನ್ನು ನೆನೆದರೆ ಈಗಲೂ ಹೊಟ್ಟೆ ಚುರ್ ಎನ್ನುತ್ತದೆ.

ಜೀವಾಣುಗಳ ವಿಚಾರದಲ್ಲೂ ಅಷ್ಟೇ ಎಚ್ಚರ. ಕ್ರಿಸ್ಪೇಟಸ್ ಎಂಬ ಜಾತಿಯಿಂದ ತಯಾರಿಸಿದ 'ಲ್ಯಾಕ್ಟಿನ್-ವಿ' ಪುಡಿಯ ಮೊದಲ ಸುರಕ್ಷತಾ ಪರೀಕ್ಷೆ ಅಮೆರಿಕದಲ್ಲಿ ನಡೆದು 2009ರಲ್ಲಿ ಪ್ರಕಟವಾಯಿತು. ಸೇರಿದ್ದವರು ಬರೀ 12 ಆರೋಗ್ಯವಂತ ಹೆಂಗಸರು. ಮೂರು ಪ್ರಮಾಣ, ದಿನಕ್ಕೊಂದರಂತೆ ಐದು ದಿನ. ಅಲ್ಲಿ ನೋಡಿದ್ದು ಏಡ್ಸ್ ತಡೆಯುತ್ತದೆಯೇ ಎಂದಲ್ಲ. ಉರಿ, ತುರಿಕೆ, ಗಾಯ ಆಗುತ್ತದೆಯೇ ಎಂದು. ಗಂಭೀರ ತೊಂದರೆ ಕಾಣಲಿಲ್ಲ. ಆಮೇಲೆ, 2020ರಲ್ಲಿ ಪ್ರಕಟವಾದ 228 ಹೆಂಗಸರ ಪರೀಕ್ಷೆಯಲ್ಲಿ, ಚಿಕಿತ್ಸೆಯ ಬಳಿಕ ಪುಡಿ ಬಳಸಿದವರಲ್ಲಿ ನೂರಕ್ಕೆ 30 ಮಂದಿಗೆ ಆ ಸೋಂಕು ಮರುಕಳಿಸಿತು; ಹುಸಿ ಔಷಧಿಯವರಲ್ಲಿ 45. ಒಳ್ಳೆಯದೇ. ಆದರೆ ಎಚ್ಐವಿ ತಡೆದದ್ದು ಇನ್ನೂ ಸಾಬೀತಾಗಿಲ್ಲ.

"ಹಾಗಾದ್ರೆ ಮನೆ ಮೊಸರನ್ನೇ..." ಎಂದರು ಅವರು. ಬೇಡವೇ ಬೇಡ! ಮೊಸರಿನಲ್ಲಿರುವ ಜಾತಿಗಳು ಬೇರೆ. ಊಟದ ಮೊಸರು ಊಟಕ್ಕೇ ಇರಲಿ. ಒಳಗೆ ಸೋಪು, ಔಷಧಿನೀರು ಹಾಕಿ ತೊಳೆಯುವುದೂ ಬೇಡ, ಇದ್ದ ಕಾವಲುಗಾರರೂ ಓಡಿಹೋಗುತ್ತಾರೆ. ಬಿಳುಪು ಹೋಗುತ್ತಿದ್ದರೆ ವೈದ್ಯರಿಗೆ ತೋರಿಸಿ, ಮಾತ್ರೆ ಇದೆ. ನಿರೋಧ್ ಬಿಡಬೇಡಿ. ಗಂಡ ಒಪ್ಪದಿದ್ದರೆ, ಎಚ್ಐವಿ ಬಾರದಂತೆ ಮೊದಲೇ ನುಂಗುವ ಮಾತ್ರೆಯೂ ಇದೆ, ವೈದ್ಯರನ್ನು ಕೇಳಿ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರದಲ್ಲಿ ಎಚ್ಐವಿ ಪರೀಕ್ಷೆ ಉಚಿತ, ವಿಷಯ ಗುಟ್ಟಾಗಿರುತ್ತದೆ.

ಅತ್ತೆ ಹಿತ್ತಲಿಂದ ಬಂದರು. ಅವರು ಮತ್ತೆ ಕಡೆಗೋಲು ಹಿಡಿದು, "ಯಾವ ದಿನ ಹೋಗ್ಬೇಕು?" ಎಂದು ಕಣ್ಣಲ್ಲೇ ಕೇಳಿದರು.