ಟವರ್ ಲೈನ್: ಊರಿನ ಮಾತಿಗೆ ಬೆಲೆ ಇರುವುದು ಯಾವಾಗ?

ತೋಟದಲ್ಲಿ ಸರ್ವೆಯವರ ಕಲ್ಲು ಕಂಡ ಮೇಲೆ ಊರವರು ಸಭೆ ಸೇರುತ್ತಾರೆ. ಅಷ್ಟರಲ್ಲಿ ಹೈಟೆನ್ಶನ್ ಲೈನಿನ ದಾರಿ ಬಹುಪಾಲು ಗಟ್ಟಿಯಾಗಿರುತ್ತದೆ. ಮಾತಾಡಲು ಉಳಿಯುವುದು ದುಡ್ಡಿನ ಲೆಕ್ಕ ಮಾತ್ರ.

ಇಲ್ಲಿ ಭೂಸ್ವಾಧೀನ ನಡೆಯುವುದಿಲ್ಲ. ಪಹಣಿ ನಿಮ್ಮ ಹೆಸರಲ್ಲೇ ಇರುತ್ತದೆ, ಲೈನ್ ಎಳೆಯುವ ಕಂಪನಿಗೆ ಸಿಗುವುದು ಬಳಕೆಯ ಹಕ್ಕು. 2003ರ ವಿದ್ಯುತ್ ಕಾಯ್ದೆಯ 164ನೇ ಕಲಮಿನಡಿ ಸರ್ಕಾರ ಆದೇಶಿಸಿದರೆ, 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಕಂಪನಿಯ ಕೈಗೆ ಬರುತ್ತದೆ. ಆಮೇಲೆ ಮಾಲೀಕರ ಒಪ್ಪಿಗೆ ಬೇಕಿಲ್ಲ. ಅಡ್ಡ ನಿಂತರೆ ಜಿಲ್ಲಾಧಿಕಾರಿ ಅನುಮತಿ ಕೊಡಬಹುದು. ಟೆಲಿಗ್ರಾಂ ಹೋಯಿತು, 2023ರ ದೂರಸಂಪರ್ಕ ಕಾಯ್ದೆಯೂ ಬಂತು, ಆದರೆ ವಿದ್ಯುತ್ ಲೈನಿನ ಮಟ್ಟಿಗೆ ಹಳೆಯ ಕಾಯ್ದೆಯ ಆ ಅಧಿಕಾರದ ಭಾಗ ಉಳಿದಿದೆ.

ಹಾಗಾಗಿ ಕಣ್ಣಿಡಬೇಕಾದ್ದು ಆ ಆದೇಶಕ್ಕೆ ಮೊದಲು ಪತ್ರಿಕೆಯಲ್ಲಿ ಬರುವ ಪ್ರಕಟಣೆಯ ಮೇಲೆ. ಲೈನ್ ಹಾಯುವ ಊರುಗಳ ಪಟ್ಟಿ ಸಣ್ಣ ಅಕ್ಷರದಲ್ಲಿ ಬರುತ್ತದೆ, ಆಕ್ಷೇಪಣೆಗೆ ಸಾಮಾನ್ಯವಾಗಿ ಎರಡು ತಿಂಗಳ ಗಡುವು. ಆಗಲೇ ಪರ್ಯಾಯ ಮಾರ್ಗಗಳ ನಕ್ಷೆ ಕೇಳಬೇಕು. ಲೈನನ್ನು ತಿರುಗಿಸಬೇಕೆಂದರೆ ಭಾರವಾದ, ದುಬಾರಿಯಾದ ಟವರ್ ಬೇಕು, ಕಂಪನಿ ಸುಲಭಕ್ಕೆ ಒಪ್ಪುವುದಿಲ್ಲ. ಅದೇ ಸಾಲಿನಲ್ಲಿ ಟವರನ್ನು ಬಾವಿ ಪಕ್ಕದಿಂದ ಬದುವಿನ ಕಡೆಗೆ ಸರಿಸಿ ಎಂದರೆ ಗೆಲ್ಲುವ ಅವಕಾಶ ಹೆಚ್ಚು.

400 ಕೆ.ವಿ. ಲೈನಿಗೆ 46 ಮೀಟರ್ ಅಗಲದ ಪಟ್ಟಿ ಬೇಕು. ನೂರು ಮೀಟರ್ ಹಾದುಹೋದರೆ ಎಕರೆ ದಾಟಿತು. ಅದರಡಿ ರಾಗಿ, ಭತ್ತ ಬೆಳೆಯಬಹುದು. ಅಡಿಕೆ, ತೆಂಗು ನಿಲ್ಲುವಂತಿಲ್ಲ. ಉಡುಪಿ–ಕಾಸರಗೋಡು 400 ಕೆ.ವಿ. ಮಾರ್ಗವನ್ನು ದಕ್ಷಿಣ ಕನ್ನಡದ ಬೆಳೆಗಾರರು ವಿರೋಧಿಸಿದ್ದು ಸುಮ್ಮನಲ್ಲ. ಬಯಲುಸೀಮೆಯ ಹೊಲಕ್ಕೂ ಕರಾವಳಿಯ ತೋಟಕ್ಕೂ ಆಗುವ ನಷ್ಟ ಒಂದೇ ಅಲ್ಲ.

ಕೇಂದ್ರದ 2015ರ ಮಾರ್ಗಸೂಚಿ ಟವರ್ ನಿಂತ ಜಾಗಕ್ಕೆ ಭೂಮೌಲ್ಯದ ಶೇ 85, ತಂತಿಯಡಿಯ ಪಟ್ಟಿಗೆ ಗರಿಷ್ಠ ಶೇ 15 ಎಂದಿತ್ತು. 2024ರ ಜೂನ್‌ನಲ್ಲಿ ಅದು ಶೇ 200 ಮತ್ತು ಶೇ 30ಕ್ಕೆ ಏರಿತು. ರಾಜ್ಯಗಳು ತಮ್ಮದೇ ದರ ನಿಗದಿ ಮಾಡಬಹುದಾದ್ದರಿಂದ ಯಾವ ಆದೇಶದಂತೆ ಲೆಕ್ಕ ಹಾಕಿದ್ದಾರೆಂದು ಲಿಖಿತವಾಗಿ ಕೇಳಿ. ಬೆಳೆ, ಮರಗಳ ಪರಿಹಾರ ಇದಕ್ಕೆ ಹೊರತು. ತೋಟವಿದ್ದೂ ಪಹಣಿಯ ಬೆಳೆ ಕಾಲಂನಲ್ಲಿ ಇನ್ನೂ ಭತ್ತವೆಂದೇ ಇದ್ದರೆ ಮೊದಲು ಸರಿಪಡಿಸಿಕೊಳ್ಳಿ. ಮರಗಳ ಸಂಖ್ಯೆ, ವಯಸ್ಸು ಬರೆಯದ ಮಹಜರಿಗೆ ಸಹಿ ಹಾಕಬೇಡಿ. ಕೊಟ್ಟ ಮೊತ್ತ ಸಾಲದೆನಿಸಿದರೆ ಟೆಲಿಗ್ರಾಫ್ ಕಾಯ್ದೆಯ 16(3)ನೇ ಕಲಮಿನಡಿ ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ ಹಾಕಬಹುದು.