ಬೆಳೆದ ಮಕ್ಕಳೂ ಬಿಡಾರದ ಹಾಸಿಗೆಯೂ

ದಸರೆಯ ರಜೆ ಬಂದಿತೆಂದರೆ ಸಾಕು, ಬಯಲುಸೀಮೆಯ ಪಟ್ಟಣಗಳಿಂದ ಕುಟುಂಬ ಕುಟುಂಬವೇ ನಮ್ಮ ಮಲೆಗಳ ಕಡೆಗೆ ಹೊರಡುತ್ತದೆ. ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ, ದೇವರಮನೆ, ಕಳಸ, ಹೊರನಾಡು ಎಂದು ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡು, ಯಾವ ದಿನ ಯಾವುದು, ಊಟ ಎಲ್ಲಿ, ಬೆಟ್ಟ ಹತ್ತುವುದು ಎಷ್ಟು ಹೊತ್ತಿಗೆ ಎಂಬುದನ್ನೆಲ್ಲ ಮನೆಯ ಯಜಮಾನರು ವಾರಕ್ಕೆ ಮುಂಚೆಯೇ ಗೊತ್ತುಮಾಡಿರುತ್ತಾರೆ. ರಾತ್ರಿ ಯಾರು ಎಲ್ಲಿ ಮಲಗುವುದು ಎಂಬುದೊಂದನ್ನು ಮಾತ್ರ ಯಾರೂ ಯೋಚಿಸಿರುವುದಿಲ್ಲ. ಬಿಡಾರಕ್ಕೆ ಬಂದು ಬಾಗಿಲು ತೆರೆದಾಗ ಒಂದು ಜೋಡಿಮಂಚವೂ ಗೋಡೆಗೆ ಒರಗಿಸಿಟ್ಟ ಒಂದು ಹೆಚ್ಚಿನ ಹಾಸಿಗೆಯೂ ಕಾಣುತ್ತವೆ. ತಂದೆ, ತಾಯಿ, 15ರ ಮಗಳು, 13ರ ಮಗ, ನಾಲ್ವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಾರೆ. “ಒಂದೆರಡು ರಾತ್ರಿಯ ಮಾತು ತಾನೆ, ಹೇಗೋ ಹೊಂದಿಕೊಂಡರಾಯಿತು” ಎಂದು ಹಿರಿಯರು ತೀರ್ಪು ಕೊಟ್ಟುಬಿಡುತ್ತಾರೆ. ಹುಡುಗಿ ಏನೂ ಹೇಳುವುದಿಲ್ಲ. ಅವಳು ಏನೂ ಹೇಳದಿರುವುದರಿಂದಲೇ ಈ ವಿಷಯವನ್ನು ಎತ್ತಿಕೊಳ್ಳಬೇಕಾಗಿದೆ.

ಒಡಹುಟ್ಟಿದವರು ಎಂಬುದು ನಮ್ಮ ಭಾಷೆಯ ಸೊಗಸಾದ ಮಾತುಗಳಲ್ಲೊಂದು. ಒಡನೆ ಹುಟ್ಟಿದವರು, ಸಂಸ್ಕೃತದ ಸಹೋದರ ಶಬ್ದ ಒಂದೇ ಉದರವನ್ನು ನೆನೆಯುತ್ತದೆ, ಕನ್ನಡದ ಮಾತು ಒಡನಾಟವನ್ನು ನೆನೆಯುತ್ತದೆ. ಚಿಕ್ಕಂದಿನಲ್ಲಿ ಇವರು ಒಂದೇ ಕಂಬಳಿಯೊಳಗೆ ಕಾಲು ಜಗ್ಗಾಡುತ್ತ ನಿದ್ದೆಹೋಗುವುದು ನೋಡಲಿಕ್ಕೆ ಚೆನ್ನ. ಹತ್ತು ಹನ್ನೊಂದು ವರ್ಷ ಕಳೆಯಿತೆಂದರೆ ಆ ಚಿತ್ರ ತಾನಾಗಿಯೇ ಮಾರ್ಪಡುತ್ತದೆ. ಹರೆಯಕ್ಕೆ ಕಾಲಿಡುವ ಮಗುವಿಗೆ ತನ್ನ ಮೈಯೇ ಒಂದು ಹೊಸ ಮನೆ. ಅದರಲ್ಲಿ ವಾಸಿಸುವುದು ಇನ್ನೂ ರೂಢಿಯಾಗಿರುವುದಿಲ್ಲ. ಹುಡುಗನಿಗೆ ದನಿ ಒಡೆಯುತ್ತದೆ; ಹುಡುಗಿಗೆ ತಿಂಗಳಿಗೊಮ್ಮೆ ಬರುವ ದಿನಗಳು ಪ್ರವಾಸದ ಪಟ್ಟಿಯನ್ನು ಕೇಳಿಕೊಂಡು ಬರುವುದಿಲ್ಲ. “ಅಣ್ಣನ ಎದುರಿಗೆ ಏನು ನಾಚಿಕೆಯೇ?” ಎಂದು ಗದರಿಸುವ ತಾಯಂದಿರನ್ನು ನಾನು ಬಲ್ಲೆ. ಆ ನಾಚಿಕೆಯಲ್ಲಿ ಅಣ್ಣನ ಮೇಲಿನ ಸಂಶಯವೇನೂ ಇಲ್ಲ. ಬೆಳೆಯುತ್ತಿರುವ ಮೈಗೆ ಮರೆ ಬೇಕೆನಿಸುವುದು ಬೆಳವಣಿಗೆಯದೇ ಒಂದು ಭಾಗ. ತಮ್ಮನಿಗೂ ಅದು ಉಂಟು, ಅವನು ಅದನ್ನು ಒರಟುತನದ ವೇಷದಲ್ಲಿ ತೋರಿಸುತ್ತಾನೆ, ಅಷ್ಟೆ.

ಈ ವಿಷಯವನ್ನು ಹೊರದೇಶದವರು ಕಾನೂನಿನಲ್ಲಿಯೇ ಬರೆದಿಟ್ಟಿದ್ದಾರೆ. ಇಂಗ್ಲೆಂಡಿನ 1985ರ ವಸತಿ ಕಾಯಿದೆಯ ಪ್ರಕಾರ, ದಂಪತಿಗಳಲ್ಲದ, ಹತ್ತು ವರ್ಷ ತುಂಬಿದ ಒಬ್ಬ ಗಂಡು ಮತ್ತು ಒಬ್ಬ ಹೆಣ್ಣು ಒಂದೇ ಕೋಣೆಯಲ್ಲಿ ಮಲಗಬೇಕಾಗಿ ಬಂದರೆ ಆ ಮನೆಯನ್ನು ಕಿಕ್ಕಿರಿದ ಮನೆಯೆಂದು ಎಣಿಸಬೇಕು. ಇದು ವಾಸದ ಮನೆಗೆ ಸಂಬಂಧಿಸಿದ ಮಾತು, ಎರಡು ದಿನದ ಬಿಡಾರಕ್ಕಲ್ಲ. ಆದರೂ ಹತ್ತು ವರ್ಷವೆಂಬ ಗೆರೆ ಗಮನಿಸತಕ್ಕದ್ದು.

ಮಲೆನಾಡಿನ ಹಳೆಯ ಮನೆಗಳಲ್ಲಿ ಹೀಗೆ ಬರೆದಿಡಬೇಕಾದ ಅಗತ್ಯವೇ ಇರಲಿಲ್ಲ. ಮನೆಯ ಕಟ್ಟಣೆಯೇ ಆ ಕೆಲಸವನ್ನು ಮಾಡುತ್ತಿತ್ತು. ಮದುವೆಗೋ ಹಬ್ಬಕ್ಕೋ ನೆಂಟರು ಬಂದರೆ ಗಂಡುಹುಡುಗರ ಸಾಲು ಜಗಲಿಗೆ. ಹೆಣ್ಣುಮಕ್ಕಳ ಚಾಪೆ ನಡುಮನೆಗೆ, ಅಜ್ಜಿಯ ಪಕ್ಕಕ್ಕೆ. ಜಗಲಿಯಲ್ಲಿ ಮಲಗಲು ಅನುಮತಿ ಸಿಕ್ಕಿದ ರಾತ್ರಿ ಹುಡುಗನಿಗೆ ತಾನು ದೊಡ್ಡವನಾದೆನೆಂಬ ಬಿಂಕ. ಯಾರೂ ಯಾರಿಗೂ ಕಾರಣ ಹೇಳಬೇಕಾಗಿರಲಿಲ್ಲ. ಆ ಮನೆಗಳಲ್ಲಿ ಎಲ್ಲವೂ ಸುಖವಾಗಿತ್ತೆಂದು ನಾನು ಹೇಳಲಾರೆ. ಕತ್ತಲೆಯಲ್ಲಿ ಅಂಗಳ ದಾಟಿ ಬಚ್ಚಲಿಗೆ ಹೋಗಬೇಕಾದ ಹುಡುಗಿಯರ ಪಾಡು ಅವರಿಗೇ ಗೊತ್ತು. ತೋಟದ ಲೈನುಮನೆಗಳಲ್ಲಿಯಂತೂ ಜಗಲಿ ನಡುಮನೆಗಳ ಮಾತೇ ಇಲ್ಲ. ತೋಟದ ಕಾರ್ಮಿಕರಿಗೆ ಮಾಲೀಕರು ವಸತಿ ಒದಗಿಸಬೇಕೆಂದು 1951ರ ಕಾಯಿದೆ ವಿಧಿಸಿತು. ಆದರೂ ಒಂದೋ ಎರಡೋ ಕೋಣೆಗಳಲ್ಲಿ ಇಡೀ ಸಂಸಾರ ಮಲಗಿ ಏಳಬೇಕಾಗುತ್ತಿತ್ತು. ಅಂಥ ಮನೆಗಳಲ್ಲಿ ತಾಯಂದಿರು ಒಂದು ಹಳೆಯ ಸೀರೆಯನ್ನು ಹಗ್ಗಕ್ಕೆ ಹಾಕಿ ಮರೆಮಾಡುವುದುಂಟು. ಮೂರು ಮಲಗುವ ಕೋಣೆಗಳಿರುವ ಮನೆಯಿಂದ ಹೊರಟು ಬಂದವರು ಬಿಡಾರದಲ್ಲಿ ಆ ಒಂದು ಸೀರೆಯಷ್ಟು ಮರೆಯನ್ನೂ ಯೋಚಿಸುವುದಿಲ್ಲವೆಂಬುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಹೋಟೆಲಿನ ಕೋಣೆಯಾದರೋ ಇಬ್ಬರ ಲೆಕ್ಕದಲ್ಲಿ ಕಟ್ಟಿದ್ದು. ಮೂರನೆಯವರಿಗೆ ನೆಲದ ಮೇಲೊಂದು ಹಾಸಿಗೆ. ನಾಲ್ಕನೆಯವರೆಂದರೆ ಕೆಲವು ಕಡೆ ಒಪ್ಪುವುದೇ ಇಲ್ಲ. ಸಣ್ಣ ಮಕ್ಕಳಿಗೆ ಹಣವಿಲ್ಲವೆನ್ನುವ ಹೋಟೆಲುಗಳೂ ಅನೇಕವಾಗಿ 12 ದಾಟಿದವರನ್ನು ದೊಡ್ಡವರೆಂದೇ ಎಣಿಸುತ್ತವೆ. ಹಣದ ವಿಷಯದಲ್ಲಿ ದೊಡ್ಡವರಾದ ಈ ಮಕ್ಕಳು ಹಾಸಿಗೆಯ ವಿಷಯದಲ್ಲಿ ಮಾತ್ರ ಚಿಕ್ಕವರಾಗಿಯೇ ಉಳಿಯಬೇಕೆ? ಎರಡನೆಯ ಕೋಣೆ ಎಂದೊಡನೆ ಯಜಮಾನರ ಕೈ ಜೇಬನ್ನು ಮುಟ್ಟಿ ನೋಡಿಕೊಳ್ಳುತ್ತದೆ, ನಿಜ. ದಿನಕ್ಕೆ 7,500 ರೂಪಾಯಿ ಮೀರದ ಕೋಣೆಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡ 12ರ ಬದಲು 5 ಆಗಿದೆ. ಆ ಉಳಿತಾಯದಿಂದ ಇನ್ನೊಂದು ಕೋಣೆಯೇನೂ ಹುಟ್ಟುವುದಿಲ್ಲ. ಆದರೆ ಮೂರು ರಾತ್ರಿ ಒಂದು ಕೋಣೆಯಲ್ಲಿ ಇರುಕಿಕೊಳ್ಳುವುದಕ್ಕಿಂತ ಎರಡು ರಾತ್ರಿ ಎರಡು ಕೋಣೆಯಲ್ಲಿ ನೆಮ್ಮದಿಯಾಗಿ ಮಲಗುವುದು ಮೇಲೆಂಬುದು ನನ್ನ ಅಭಿಪ್ರಾಯ. ನೋಡಬೇಕಾದ ಜಲಪಾತ ಒಂದು ಕಡಮೆಯಾದರೆ ಅದು ಎಲ್ಲಿಗೂ ಓಡಿಹೋಗದು.

ಎರಡು ಕೋಣೆ ಸಿಕ್ಕಿದಾಗ ಹಂಚಿಕೆ ಹೇಗೆ? ಪಾಶ್ಚಾತ್ಯ ದೇಶಗಳ ಪದ್ಧತಿಯನ್ನು ನೋಡಿ, ತಂದೆತಾಯಿ ಒಂದು ಕೋಣೆ, ಮಕ್ಕಳಿಬ್ಬರು ಒಂದು ಕೋಣೆ ಎಂದು ಮಾಡುವವರಿದ್ದಾರೆ. ಅಕ್ಕತಂಗಿಯರಾದರೆ, ಅಣ್ಣತಮ್ಮಂದಿರಾದರೆ, ಅದರಲ್ಲಿ ದೋಷವಿಲ್ಲ. ಹೊರಗಿನಿಂದ ಬಾಗಿಲು ತಟ್ಟಿದವರಿಗೆ ತಂದೆಗೆ ದೂರವಾಣಿ ಮಾಡದೆ ತೆರೆಯಬಾರದೆಂದು ಹೇಳಿದ್ದರೆ ಸಾಕು. ಮಗ ಮತ್ತು ಮಗಳಿದ್ದಲ್ಲಿ ತಾಯಿಮಗಳು ಒಂದು ಕಡೆ, ತಂದೆಮಗ ಇನ್ನೊಂದು ಕಡೆ ಎಂಬುದೇ ನಮ್ಮ ಸಂಸಾರಗಳಿಗೆ ಸಹಜವಾಗಿ ಹೊಂದುವ ಏರ್ಪಾಡು. ಇದರಲ್ಲೊಂದು ಎಣಿಸದ ಲಾಭವೂ ಉಂಟು. ವರ್ಷವೆಲ್ಲ ಅಂಕಪಟ್ಟಿಯ ಮಾತನ್ನು ಬಿಟ್ಟು ಬೇರೆ ಮಾತಾಡದ ತಂದೆಯೂ ಮಗನೂ ದೀಪ ಆರಿಸಿದ ಮೇಲೆ ಕತ್ತಲೆಯಲ್ಲಿ ಎಷ್ಟೋ ಮಾತಾಡುತ್ತಾರೆ. ಒಂದೇ ಕೋಣೆಯಿದ್ದರೂ ಇದೇ ಕ್ರಮ: ಮಂಚ ತಾಯಿಮಗಳಿಗೆ, ನೆಲದ ಹಾಸಿಗೆ ತಂದೆಮಗನಿಗೆ. ಯಜಮಾನರ ಬೆನ್ನು ಒಪ್ಪುವುದಿಲ್ಲವೆಂದಾದರೆ ಎರಡು ಬಿಡಿ ಮಂಚಗಳ ಕೋಣೆಯನ್ನು ಕೇಳಿ ಪಡೆಯಬೇಕು. ಜೋಡಿಮಂಚವೆಂದು ತೋರುವ ಎಷ್ಟೋ ಮಂಚಗಳು ಪಕ್ಕಪಕ್ಕಕ್ಕೆ ಸರಿಸಿಟ್ಟ ಎರಡು ಮಂಚಗಳೇ ಆಗಿರುತ್ತವೆ, ಎಳೆದರೆ ಬೇರೆಯಾಗುತ್ತವೆ. ಉಡುಪು ಬದಲಿಸುವುದಕ್ಕೆ ಸರದಿ ಇರಬೇಕು, ಆ ಹೊತ್ತಿನಲ್ಲಿ ಉಳಿದವರು ಜಗಲಿಯಲ್ಲಿ ನಿಂತು ಮಂಜನ್ನು ನೋಡಬಹುದು. ಚಿಕ್ಕಮಗಳೂರಿನಲ್ಲಿ ಮಂಜಿಗೆ ಬರಗಾಲವಿಲ್ಲ.

ಹೋಟೆಲಿಗಿಂತ ಹೋಂಸ್ಟೇ ಈ ವಿಷಯದಲ್ಲಿ ಅನೇಕವೇಳೆ ಉಪಕಾರಿ. 2000ದ ಸುತ್ತಿನ ವರ್ಷಗಳಲ್ಲಿ ಕಾಫಿಯ ಬೆಲೆ ಕುಸಿದಾಗ ಎಷ್ಟೋ ತೋಟದ ಮನೆಯವರು ತಮ್ಮ ಖಾಲಿ ಕೋಣೆಗಳನ್ನು ಪ್ರವಾಸಿಗಳಿಗೆ ತೆರೆದರು. ಹಳೆಯ ಮನೆಯಾದ್ದರಿಂದ ಒಂದು ಕೋಣೆಯಿಂದ ಇನ್ನೊಂದಕ್ಕೆ ನಡುವೆ ಬಾಗಿಲು; ಹೋಟೆಲಿನಲ್ಲಿ ದುಡ್ಡು ಕೊಟ್ಟರೂ ಅಪರೂಪಕ್ಕೆ ದೊರಕುವ ಅನುಕೂಲ ಅದು. ಮಹಡಿಯ ಮೇಲೊಂದು ಅಟ್ಟವಿದ್ದರೆ ಹುಡುಗರು ತಾವಾಗಿಯೇ ಅಲ್ಲಿಗೆ ಓಡುತ್ತಾರೆ. ಆದರೆ ಹಳೆಯ ಮನೆಯ ಬಚ್ಚಲು ಹೊರಗಿರಬಹುದು, ಚಿಲಕ ಸಡಿಲವಿರಬಹುದು. ಕೋಣೆ ಗೊತ್ತುಮಾಡುವಾಗ ಊಟದಲ್ಲಿ ಕಡುಬು ಉಂಟೋ ಎಂದು ವಿಚಾರಿಸುವಷ್ಟೇ ಆಸ್ಥೆಯಿಂದ ಬಚ್ಚಲಿನ ಚಿಲಕವನ್ನೂ ವಿಚಾರಿಸಿರಿ. ಮಕ್ಕಳು ಎಷ್ಟು ಜನ ಎಂದು ಹೇಳಿದರೆ ಸಾಲದು, ವಯಸ್ಸನ್ನೂ ಗಂಡೋ ಹೆಣ್ಣೋ ಎಂಬುದನ್ನೂ ಹೇಳಿದರೆ ಅನುಭವಸ್ಥ ಗೃಹಿಣಿ ತಾನೇ ಹಾಸಿಗೆಯ ದಾರಿ ಹುಡುಕುತ್ತಾಳೆ.

ಗೋಡೆಯೇ ಬೇಕೆಂದು ನಾನು ಹಟ ಹಿಡಿಯುತ್ತಿಲ್ಲ. ರಾತ್ರಿಯ ರೈಲನ್ನು ನೋಡಿರಿ. ಗುರುತೇ ಇಲ್ಲದ ಗಂಡಸರೂ ಹೆಂಗಸರೂ ಒಂದೇ ಡಬ್ಬಿಯಲ್ಲಿ, ಮೇಲೊಬ್ಬರು ಕೆಳಗೊಬ್ಬರು ಮಲಗುತ್ತಾರೆ, ಅಷ್ಟಾಗಿ ಸಂಕೋಚಪಡುವುದಿಲ್ಲ. ಏಕೆ? ಪ್ರತಿಯೊಬ್ಬರಿಗೂ ತನ್ನದೇ ಒಂದು ಹಲಗೆ, ತನ್ನದೇ ಸಂಖ್ಯೆ, ತನ್ನದೇ ಹೊದಿಕೆ ಉಂಟು. ಮಕ್ಕಳಿಗೆ ಬೇಕಾದದ್ದೂ ಅಷ್ಟೇ, ತನ್ನದೆಂಬ ಎರಡು ಮೊಳ ಅಗಲದ ಜಾಗ, ಮತ್ತು ಯಾರೂ ಎಳೆಯದ ಒಂದು ಕಂಬಳಿ. ಅಕ್ಕತಂಗಿಯರು ಮಂಚವನ್ನು ಹಂಚಿಕೊಳ್ಳಬಹುದು, ಕಂಬಳಿಯನ್ನು ಹಂಚಿಕೊಳ್ಳಲಾರರು. ನಡುರಾತ್ರಿಯ ಜಗಳಗಳಲ್ಲಿ ಮುಕ್ಕಾಲುಪಾಲು ಇದರಿಂದಲೇ ಹುಟ್ಟುತ್ತವೆ. ಆದುದರಿಂದ ಮನೆಯಿಂದಲೇ ತಲೆಗೊಂದು ಹೊದಿಕೆ ಕಟ್ಟಿಕೊಂಡು ಹೊರಡುವುದು ಲೇಸು. ಮುಂಗಾರಿನ ತಿಂಗಳುಗಳಲ್ಲಿ ಮೂಡಿಗೆರೆ ಕಳಸಗಳ ನೆಲ ಬೆವರುತ್ತದೆ, ನೆಲದ ಹಾಸಿಗೆ ಮುಂಜಾವಿಗೆ ತಣ್ಣಗೆ ನೆನೆದಂತಾಗಿರುತ್ತದೆ. ಆಗ ಕೆಳಗೊಂದು ಚಾಪೆ, ಅದರ ಮೇಲೆ ಜಮಖಾನ, ಆಮೇಲೆ ಹಾಸಿಗೆ.

ಇನ್ನು ನಿದ್ದೆಯ ಲೆಕ್ಕ. 13ರಿಂದ 18ರ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ದೆ ಬೇಕೆಂದು ಅಮೆರಿಕದ ನಿದ್ರಾತಜ್ಞರ ಸಂಸ್ಥೆ 2016ರಲ್ಲಿ ಹೇಳಿತು. 6ರಿಂದ 12ರವರಿಗೆ 9ರಿಂದ 12 ಗಂಟೆ. ಹರೆಯದಲ್ಲಿ ನಿದ್ದೆ ತರುವ ಮೆಲಟೋನಿನ್ ಎಂಬ ರಸ ರಾತ್ರಿ ತಡವಾಗಿ ಸ್ರವಿಸತೊಡಗುತ್ತದೆ. ಹೀಗಾಗಿ ಅಕ್ಕನಿಗೆ ಹನ್ನೊಂದಕ್ಕೂ ಕಣ್ಣು ಮುಚ್ಚದು, ತಮ್ಮನಿಗೆ ಒಂಬತ್ತಕ್ಕೇ ತೂಕಡಿಕೆ, ತಂದೆಗೆ ನಾಲ್ಕಕ್ಕೆ ಎದ್ದು ಸೂರ್ಯೋದಯ ನೋಡುವ ಉತ್ಸಾಹ. ಒಂದೇ ಕೋಣೆಯಲ್ಲಿ ಮೂರು ಗಡಿಯಾರ! ಅಕ್ಕನ ಕೈಯ ಮೊಬೈಲಿನ ಬೆಳಕು ತಮ್ಮನ ಮುಖಕ್ಕೆ ಬೀಳದಂತೆ ಅವಳ ಹಾಸಿಗೆಯನ್ನು ಗೋಡೆಯ ಕಡೆಗೂ ಅವನದನ್ನು ಬಾಗಿಲ ಕಡೆಗೂ ಹಾಕಿದರೆ ಅರ್ಧ ತಕರಾರು ತೀರುತ್ತದೆ. ಉಳಿದರ್ಧಕ್ಕೆ ತಂದೆಯವರು ಸೂರ್ಯನನ್ನು ಒಂದು ದಿನ ಬಿಟ್ಟುಕೊಡಬೇಕು.

ಎರಡು ಮೂರು ಕುಟುಂಬಗಳು ಕೂಡಿ ಹೊರಟಾಗ ಮಾತು ಇನ್ನೂ ಸೂಕ್ಷ್ಮವಾಗುತ್ತದೆ. “ಮಕ್ಕಳೆಲ್ಲ ದೊಡ್ಡ ಕೋಣೆಗೆ, ಹಿರಿಯರೆಲ್ಲ ಹರಟೆಗೆ” ಎಂಬ ಹಂಚಿಕೆ ಬಹಳ ರೂಢಿಯಲ್ಲಿದೆ. ನಾನು ಅದಕ್ಕೆ ಒಪ್ಪುವುದಿಲ್ಲ. 2012ರಲ್ಲಿ ಬಂದ, ಜನ ಪೋಕ್ಸೊ ಎಂದು ಕರೆಯುವ ಕಾಯಿದೆ 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ಎಣಿಸುತ್ತದೆ. ಮಕ್ಕಳ ಮೇಲೆ ಇಂಥ ಅಪರಾಧ ನಡೆದ ಪ್ರಕರಣಗಳಲ್ಲಿ ಬಹುಪಾಲು ಆರೋಪಿಗಳು ಮಗುವಿಗೆ ಮೊದಲೇ ಪರಿಚಯವಿದ್ದವರೆಂದು ಸರಕಾರದ ಅಂಕಿಅಂಶಗಳು ವರ್ಷ ವರ್ಷವೂ ತೋರಿಸುತ್ತಿವೆ. ಶಾಲೆಯ ಪ್ರವಾಸ ಹೊರಟಾಗ ನಾವು ಉಪಾಧ್ಯಾಯರು ಹುಡುಗಿಯರಿಗೆ ಬೇರೆ ಹಜಾರ ಮಾಡಿ ಜೊತೆಗೆ ಉಪಾಧ್ಯಾಯಿನಿಯರನ್ನು ಮಲಗಿಸುತ್ತೇವೆ, ಹುಡುಗರ ಹಜಾರದ ಬಾಗಿಲ ಬಳಿ ನಾವು ಮಲಗುತ್ತೇವೆ. ಯಾರ ಮೇಲೂ ಅನುಮಾನವಿಟ್ಟು ಹಾಗೆ ಮಾಡುವುದಿಲ್ಲ, ಯಾವ ತಂದೆತಾಯಿಯೂ ಈವರೆಗೆ ಅದಕ್ಕೆ ಆಕ್ಷೇಪಿಸಿಲ್ಲ. ಬಂಧುಗಳ ಪ್ರವಾಸಕ್ಕೂ ಅದೇ ಕ್ರಮ ಸಲ್ಲುತ್ತದೆ: ಹುಡುಗಿಯರು ಒಂದು ಕಡೆ, ಹುಡುಗರು ಒಂದು ಕಡೆ, ಎರಡು ಕಡೆಯೂ ಒಬ್ಬೊಬ್ಬ ಹಿರಿಯರು. ಯಾವುದಾದರೂ ಮಗು “ನಾನು ಅಲ್ಲಿ ಮಲಗುವುದಿಲ್ಲ, ಅಮ್ಮ” ಎಂದರೆ ಎಲ್ಲರೆದುರಿಗೆ ಕಾರಣ ಕೇಳಬೇಡಿರಿ. ಆ ರಾತ್ರಿ ಹಾಸಿಗೆಯನ್ನು ಬದಲಿಸಿ, ಮರುದಿನ ಒಂಟಿಯಾಗಿ ನಡೆಯುವಾಗ ಮೆಲ್ಲನೆ ಕೇಳಿರಿ. ನೆರವು ಬೇಕೆನಿಸಿದರೆ ಮಕ್ಕಳ ಸಹಾಯವಾಣಿಯ ಸಂಖ್ಯೆ 1098 ದೇಶದಲ್ಲೆಲ್ಲ ಒಂದೇ.

ಹೊರನಾಡು, ಶೃಂಗೇರಿಯಂಥ ಕ್ಷೇತ್ರಗಳಿಗೆ ಹೋದವರಿಗೆ ಜಾತ್ರೆಯ, ರಜೆಯ ದಿನಗಳಲ್ಲಿ ಆಯ್ಕೆಯೇ ಇರಲಾರದು. ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಊಟ ಯಾರಿಗೂ ಇಲ್ಲವೆನಿಸುವುದಿಲ್ಲ, ಕೋಣೆ ಮಾತ್ರ ಹಾಗಲ್ಲ. ಅಕಸ್ಮಾತ್ ಹತ್ತಾರು ಸಂಸಾರಗಳ ನಡುವೆ ಹಜಾರದಲ್ಲಿಯೇ ಮಲಗಬೇಕಾಗಿ ಬಂದರೆ ಗೋಡೆಯ ಪಕ್ಕಕ್ಕೆ ಮಗಳು, ಅವಳ ಬದಿಗೆ ತಾಯಿ, ಆಮೇಲೆ ತಮ್ಮ, ಹೊರಗಿನ ಅಂಚಿಗೆ ತಂದೆ. ಬಚ್ಚಲಿಗೆ ಹೋಗುವ ದಾರಿಯನ್ನು ಬೆಳಕಿರುವಾಗಲೇ ಮಕ್ಕಳಿಗೆ ತೋರಿಸಿ, ತಲೆದಿಂಬಿನ ಕೆಳಗೊಂದು ಟಾರ್ಚನ್ನು ಇಟ್ಟಿರಬೇಕು. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುವುದೆಂದು ಆ ಕಡೆಯವರೂ ಹೇಳಲಾರರು. ರಾತ್ರಿ ಮಗಳು ಎಬ್ಬಿಸಿದರೆ ಜೊತೆಗೆ ಹೋಗುವವರು ಯಾರೆಂಬುದನ್ನೂ ಮಲಗುವುದಕ್ಕೆ ಮುಂಚೆಯೇ ಗೊತ್ತುಮಾಡಿಕೊಂಡಿರಿ. ಇಲ್ಲವಾದರೆ ಅವಳು ಯಾರನ್ನೂ ಎಬ್ಬಿಸದೆ ಬೆಳಗಿನತನಕ ತಡೆದುಕೊಂಡೇ ಮಲಗಿರುತ್ತಾಳೆ.