ಅಕ್ಕನ ಮೊಣಕಾಲು ಮತ್ತು ಹಳೆಯ ಚೀಟಿ

ಹೊಸೂರು, ತಳಿ, ಡೆಂಕಣಿಕೋಟೆಯ ಕಡೆಯ ನಮ್ಮವರು ದೊಡ್ಡ ಚಿಕಿತ್ಸೆಗೆಂದು ಬೆಂಗಳೂರಿಗೆ ಹೋಗುವುದು ವಾಡಿಕೆ. ನನ್ನ ಅಕ್ಕನವರಿಗೂ ಅಲ್ಲಿಯೇ ಮೊಣಕಾಲಿನ ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯಾಯಿತು. ಊರಿಗೆ ಮರಳಿದ ಮೇಲೆ ನೋವು ಬಲವಾಗಿ, ಕಾಲು ಮಡಿಸುವ ವ್ಯಾಯಾಮವೇ ನಿಂತುಹೋಯಿತು. ವೈದ್ಯರು ಐದು ದಿನಗಳಿಗೆಂದು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಗುಳಿಗೆಯನ್ನು ಬರೆದುಕೊಟ್ಟರು. ಎರಡನೆಯ ದಿನವೇ ಅಕ್ಕ ಗೋಡೆ ಹಿಡಿಯದೆ ಹಿತ್ತಲಿಗೆ ಹೋಗಿಬಂದರು.

ಗುಳಿಗೆ ಮುಗಿಯಿತು, ನೋವು ಮರಳಿತು. "ಅದನ್ನೇ ಇನ್ನಷ್ಟು ತಂದುಕೊಡಪ್ಪ" ಎಂದರು. ಹಾಜರಿ ಪುಸ್ತಕದಲ್ಲಿ ಒಂದು ತಾರೀಖು ತಪ್ಪಿದರೂ ಬಿಡದ ನಾನು, ತಾರೀಖು ಮೀರಿದ ಚೀಟಿಯನ್ನು ಹಿಡಿದು ಔಷಧದ ಅಂಗಡಿಗೆ ಹೋದೆ. ಅಂಗಡಿಯವರು ಏನನ್ನೂ ಕೇಳಲಿಲ್ಲ. ಹೀಗೆಯೇ ಎರಡು ತಿಂಗಳು ಕಳೆದವು. ಅಕ್ಕನ ಮುಖ ದುಂಡಗಾಯಿತು. ಮೈ ತುಂಬಿಕೊಂಡಿತೆಂದು ನೆರೆಯವರು ಮೆಚ್ಚಿದರು. ರಕ್ತ ಪರೀಕ್ಷಿಸಿದಾಗ ಸಕ್ಕರೆ ಏರಿತ್ತು. ಗಾಬರಿಯಿಂದ ನಾನು ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದೆ. ಮೊದಲನೆಯದಕ್ಕಿಂತ ದೊಡ್ಡ ತಪ್ಪು ಅದು. ಮೂರೇ ದಿನಗಳಲ್ಲಿ ವಾಂತಿ, ತಲೆಸುತ್ತು, ಹಾಸಿಗೆಯಿಂದ ಏಳಲಾರದ ನಿತ್ರಾಣ.

ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸೋಲ್ ಎಂಬ ಹಾರ್ಮೋನನ್ನು ದಿನವೂ ಸ್ರವಿಸುತ್ತವೆ. ಅದೇ ಬಗೆಯ ವಸ್ತು ಹೊರಗಿನಿಂದ ವಾರಗಟ್ಟಲೆ ಬರುತ್ತಿದ್ದರೆ ಅವು ತಮ್ಮ ಕೆಲಸವನ್ನು ಮರೆಯುತ್ತವೆ. ಆಗ ಗುಳಿಗೆಯನ್ನು ಥಟ್ಟನೆ ಬಿಟ್ಟರೆ ದೇಹಕ್ಕೆ ಎರಡು ಕಡೆಯಿಂದಲೂ ಇಲ್ಲವಾಗಿ, ಪ್ರಾಣಕ್ಕೇ ಸಂಚಕಾರ ಬರಬಹುದು. ಆದ್ದರಿಂದ ಈಗಾಗಲೇ ಬಹುದಿನದಿಂದ ಸೇವಿಸುತ್ತಿರುವ ವಾಚಕರು ಇದನ್ನೋದಿ ಇಂದೇ ನಿಲ್ಲಿಸಬಾರದು, ವೈದ್ಯರಲ್ಲಿಗೆ ಹೋಗಬೇಕು.

ಔಷಧವನ್ನೇ ದೂಷಿಸುವುದು ನ್ಯಾಯವಲ್ಲ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಕಾರ್ಟಿಸೋನ್ ಕೊಟ್ಟಾಗ, ಸಂಧಿವಾತದಿಂದ ನಡೆಯಲಾರದಿದ್ದ ರೋಗಿ ಕೆಲವೇ ದಿನಗಳಲ್ಲಿ ಎದ್ದು ನಡೆದರು. 1950ರಲ್ಲಿ ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಪಾರಿತೋಷಕ ಬಂದಿತು. 2022ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದರಲ್ಲಿ, ಮೊಣಕೀಲು ಬದಲಿಸಿಕೊಂಡ 485 ಜನರ ಪೈಕಿ, 24 ಮಿಲಿಗ್ರಾಂ ಡೆಕ್ಸಾಮೆಥಸೋನನ್ನು ರಕ್ತನಾಳದ ಮೂಲಕ ಎರಡು ಬಾರಿ ಪಡೆದವರಿಗೆ ಮೊದಲ 48 ಗಂಟೆಗಳಲ್ಲಿ ಮಾರ್ಫಿನ್ ಕಡಿಮೆ ಸಾಕಾಯಿತು. ಆದರೆ ಅದು ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರಿನಲ್ಲಿ, ಎರಡೇ ಬಾರಿ. ಮನೆಯಲ್ಲಿ ತಿಂಗಳುಗಟ್ಟಲೆ ನುಂಗಿದರೆ ಮೂಳೆ ಸವೆಯುತ್ತದೆ, ಗಾಯ ಮಾಯುವುದು ತಡವಾಗುತ್ತದೆ. ಹೊಸ ಕೀಲಿಗೆ ಸೋಂಕು ತಗಲಿದರೂ ಜ್ವರ, ಬಾವು ಅಡಗಿಯೇ ಇರಬಹುದು.

ವೈದ್ಯರು ಗುಳಿಗೆಯನ್ನು ಮತ್ತೆ ಕೊಟ್ಟು, ಮೂರು ತಿಂಗಳಲ್ಲಿ ಸ್ವಲ್ಪಸ್ವಲ್ಪವಾಗಿ ಇಳಿಸಿ ಬಿಡಿಸಿದರು. ಈಗ ಅಕ್ಕ ಜಗಲಿಯ ಮೇಲೆ ಕುಳಿತು, ಗೊಣಗುತ್ತಲೇ ಕಾಲು ಮಡಿಸುತ್ತಾರೆ. ಹಳೆಯ ಚೀಟಿಯನ್ನು ವೈದ್ಯರು ನನ್ನಿಂದ ಇಸಿದುಕೊಂಡು, ಅಡ್ಡಗೆರೆ ಎಳೆದು ತಮ್ಮ ಮೇಜಿನ ಖಾನೆಯಲ್ಲಿ ಇಟ್ಟುಕೊಂಡರು.